ಬೆವರು ಹೇಳುವುದೆಷ್ಟು: ನೋಡುಗರ ಭಾವವನ್ನು ಮೈಯಿಂದ ಅಳೆಯುವ ವಿದ್ಯೆ

ವಿಡಿಯೊ ನೋಡುತ್ತಿದ್ದವರು ಎಷ್ಟನೇ ಸೆಕೆಂಡಿಗೆ ಬಿಟ್ಟುಹೋದರು ಎಂಬುದನ್ನು ಯೂಟ್ಯೂಬ್ ಗೆರೆ ಎಳೆದು ತೋರಿಸುತ್ತದೆ. ಮಂಗಳೂರಿನಲ್ಲಿ ತುಳು ಹಾಸ್ಯದ ತುಣುಕು ಹಾಕುವವರು, ಉಡುಪಿ ಸೀಮೆಯ ಬಯಲಾಟಗಳನ್ನು ನೇರಪ್ರಸಾರ ಮಾಡುವವರು, ಬಟ್ಟೆಯಂಗಡಿಗೆ ಜಾಹೀರಾತು ಮಾಡಿಕೊಡುವವರು ಈ ಗೆರೆಯ ಏರಿಳಿತ ನೋಡಿಯೇ ಮುಂದಿನ ವಿಡಿಯೊಗೆ ಕತ್ತರಿ ಹಾಕುತ್ತಾರೆ. ಬಿಡದೆ ಕೂತವರಿಗೆ ಏನನ್ನಿಸಿತು ಎಂಬುದು ಮಾತ್ರ ಗೆರೆಗೆ ಗೊತ್ತಿಲ್ಲ. ನಕ್ಕರೋ, ಕಣ್ಣು ತೇವವಾಯಿತೋ, ಮುಂದಿನದಕ್ಕೆ ಬೆರಳಾಡಿಸಲು ಉದಾಸೀನವಾಗಿ ಸುಮ್ಮನೆ ಕೂತರೋ? ಎದುರು ನಿಂತು ಕೇಳಿದರೆ ಜನ ದಾಕ್ಷಿಣ್ಯಕ್ಕೆ ‘ಲಾಯ್ಕುಂಟು’ ಎಂದುಬಿಡುತ್ತಾರೆ. ಈ ಕೊರತೆ ತುಂಬುತ್ತೇವೆ ಎಂದು ಬಂದಿರುವುದು ದೇಹದ ಸಂಕೇತಗಳನ್ನು ಓದುವ ತಂತ್ರಜ್ಞಾನ. ಬೆರಳಿನ ಬೆವರು, ಎದೆಬಡಿತ, ಹುಬ್ಬಿನ ಸ್ನಾಯು, ಕಣ್ಣಿನ ಪಾಪೆ, ಮಿದುಳಿನ ವಿದ್ಯುತ್ತು ಇವನ್ನೆಲ್ಲ ದಾಖಲಿಸಿ, ನೋಡುಗ ಬಾಯಿ ಬಿಡದೆಯೇ ಅವನ ಭಾವ ಹೇಳುತ್ತೇವೆ ಎಂಬುದು ಅದರ ಮಾತು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಅಳತೆಯಲ್ಲಿ ಹುರುಳಿದೆ. ಮೈ ಕಲಕಿದ ಗಳಿಗೆ ಯಾವುದು, ಎಷ್ಟು ಕಲಕಿತು ಎಂಬುದನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಕಲಕಿದ್ದು ಯಾವ ಭಾವ, ಅದು ಯಾಕೆ ಬಂತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮೊದಲನೆಯದನ್ನು ಅಳೆದು ಎರಡನೆಯದನ್ನು ಅಳೆದಿದ್ದೇವೆ ಎನ್ನುವಲ್ಲಿ ಇಡೀ ಸಮಸ್ಯೆ ಇದೆ. ಯಕ್ಷಗಾನದ ಆಟ, ದೈವದ ಕೋಲ ನೋಡುತ್ತ ಬೆಳೆದ ಕರಾವಳಿಯ ಜನರಿಗೆ ಈ ಅಂತರ ತಿಳಿಯುವುದು ಕಷ್ಟವಲ್ಲ ಎಂದು ನನ್ನ ನಂಬಿಕೆ.

ಬೆವರಿನಿಂದ ಶುರುಮಾಡೋಣ, ಈ ವಿದ್ಯೆಯ ಹಳೆಯ ಭಾಗವೂ ಗಟ್ಟಿ ಭಾಗವೂ ಅದೇ. ಅಂಗೈ ಮತ್ತು ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ. ಅವುಗಳಿಗೆ ಆಜ್ಞೆ ಹೋಗುವುದು ಸಿಂಪಥೆಟಿಕ್ ನರಮಂಡಲದಿಂದ. ಬೆಚ್ಚಿದಾಗ, ಹೆದರಿದಾಗ, ಹುರುಪೆದ್ದಾಗ ಮೈಯನ್ನು ಸಜ್ಜು ಮಾಡುವ ವ್ಯವಸ್ಥೆ ಇದು. ನಮ್ಮ ಅಪ್ಪಣೆ ಕೇಳುವುದಿಲ್ಲ. ಗ್ರಂಥಿಯ ನಾಳದಲ್ಲಿ ಬೆವರು ಮೇಲಕ್ಕೇರಿದಾಗ, ಚರ್ಮದ ಮೇಲೆ ಹನಿ ಕಾಣುವ ಮೊದಲೇ, ವಿದ್ಯುತ್ ಹರಿಯುವುದು ಸುಲಭವಾಗುತ್ತದೆ. ಎರಡು ಬೆರಳಿಗೆ ಎಲೆಕ್ಟ್ರೋಡ್ ಕಟ್ಟಿ, ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಹಾಯಿಸಿ, ಚರ್ಮದ ವಾಹಕತೆ ಎಷ್ಟು ಮೈಕ್ರೊಸೀಮೆನ್ಸ್ (ವಾಹಕತೆಯ ಮಾನ) ಏರಿತು ಎಂದು ನೋಡುತ್ತಾರೆ. ಫ್ರಾನ್ಸಿನ ಚಾರ್ಲ್ಸ್ ಫೆರೆ 1888ರಲ್ಲಿ, ರಷ್ಯಾದ ಇವಾನ್ ತಾರ್ಖಾನೊವ್ 1890ರಲ್ಲಿ ಬೇರೆ ಬೇರೆ ದಾರಿಯಿಂದ ಇದನ್ನು ಕಂಡುಕೊಂಡರು. ಸುಳ್ಳುಪತ್ತೆ ಯಂತ್ರದ ಒಂದು ಕಾಲು ನಿಂತಿರುವುದು ಇದರ ಮೇಲೆಯೇ.

ದಾಖಲೆಯಲ್ಲಿ ಎರಡು ಪದರ ಇರುತ್ತವೆ. ಒಂದು ನಿಧಾನವಾಗಿ ಏರಿಳಿಯುವ ಮಟ್ಟ, ಇನ್ನೊಂದು ಅದರ ಮೇಲೆ ಏಳುವ ಸಣ್ಣ ಅಲೆಗಳು. ಅಲೆ ಏಳುವುದು ದೃಶ್ಯ ಬಂದ ಒಂದರಿಂದ ಮೂರು ಸೆಕೆಂಡಿನ ನಂತರ. ಇಳಿಯಲು ಇನ್ನೂ ಕೆಲವು ಸೆಕೆಂಡು ಬೇಕು. ಈಗಿನ ಕಿರು ವಿಡಿಯೊಗಳಲ್ಲಿ ಎರಡು ಸೆಕೆಂಡಿಗೊಮ್ಮೆ ಚಿತ್ರ ಬದಲಾಗುತ್ತದೆ. ಅಲ್ಲಿ ಎದ್ದ ಅಲೆ ಮುಂಚಿನ ಚಿತ್ರದ್ದೋ ಈಗಿನದ್ದೋ, ಇಲ್ಲ ನಡುವೆ ಬಂದ ಸದ್ದಿನದ್ದೋ ಎಂದು ಬಿಡಿಸುವುದೇ ಕಷ್ಟ. ಸೆಕೆಂಡು ಸೆಕೆಂಡಿನ ಭಾವ ತೋರಿಸುತ್ತೇವೆ ಎಂದು ಯಾರಾದರೂ ಬೆವರಿನ ಗೆರೆ ಹಿಡಿದು ಬಂದರೆ ಈ ಒಂದು ಪ್ರಶ್ನೆ ಕೇಳಬಹುದು.

ಎದೆಬಡಿತದ ಕತೆ ಇನ್ನಷ್ಟು ಸೂಕ್ಷ್ಮ. ಕೈಗಡಿಯಾರದ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತವನ್ನು ನೋಡಿ ನಾಡಿಯನ್ನು ಲೆಕ್ಕ ಹಾಕುತ್ತದೆ. ಆಸ್ಪತ್ರೆಯ ಇಸಿಜಿ ಹೃದಯದ ವಿದ್ಯುತ್ತನ್ನೇ ದಾಖಲಿಸುತ್ತದೆ. ಹೃದಯಕ್ಕೆ ಇಬ್ಬರು ಯಜಮಾನರು. ಸಿಂಪಥೆಟಿಕ್ ನರ ವೇಗ ಹೆಚ್ಚಿಸುತ್ತದೆ, ಕೆಲವು ಸೆಕೆಂಡು ತಡವಾಗಿ. ವೇಗಸ್ ನರ ವೇಗ ತಗ್ಗಿಸುತ್ತದೆ, ಹೆಚ್ಚುಕಡಿಮೆ ಮುಂದಿನ ಬಡಿತಕ್ಕೇ. ಗಮನವಿಟ್ಟು ನೋಡುವಾಗ, ಮನಸ್ಸು ಒಂದು ದೃಶ್ಯಕ್ಕೆ ಅಂಟಿಕೊಂಡಾಗ, ಎದೆಬಡಿತ ಇಳಿಯುವುದು ಸಾಮಾನ್ಯ. ಮನ ಕಲಕುವ ಚಿತ್ರ ಕಣ್ಣಿಗೆ ಬಿದ್ದ ಮೊದಲ ಕೆಲವು ಸೆಕೆಂಡಿನಲ್ಲಂತೂ ಬಡಿತ ಕಡಿಮೆಯಾಗುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಎದೆ ಜೋರಾಗಿ ಬಡಿದರೆ ಮಾತ್ರ ಭಾವ ಎಂದುಕೊಂಡವರು ಇಲ್ಲೇ ತಪ್ಪುತ್ತಾರೆ.

ಹಿತವೋ ಅಹಿತವೋ ಎಂಬುದರ ಬಗ್ಗೆ ಸ್ವಲ್ಪ ಸುಳಿವು ಸಿಗುವುದು ಮುಖದ ಸ್ನಾಯುಗಳಿಂದ. ಹುಬ್ಬು ಗಂಟಿಕ್ಕುವ ಸ್ನಾಯು, ತುಟಿಯ ಅಂಚನ್ನು ಮೇಲಕ್ಕೆಳೆಯುವ ಕೆನ್ನೆಯ ಸ್ನಾಯು, ಇವೆರಡರ ವಿದ್ಯುತ್ತು ಹೊರಗೆ ಮುಖ ಬದಲಾಗದಿದ್ದರೂ ಬದಲಾಗುತ್ತದೆ. ಆದರೆ ಮುಖಕ್ಕೆ ತಂತಿ ಅಂಟಿಸಿಕೊಂಡು ಯಾರೂ ಮನೆಯಲ್ಲಿ ವಿಡಿಯೊ ನೋಡುವುದಿಲ್ಲ. ಕಣ್ಣಿನ ಪಾಪೆ ಭಾವಕ್ಕೆ ಹಿಗ್ಗುವುದು ನಿಜವಾದರೂ ಅದಕ್ಕಿಂತ ಹೆಚ್ಚಾಗಿ ಪರದೆಯ ಬೆಳಕಿಗೆ ಕುಗ್ಗುತ್ತದೆ. ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿಯ ಟೊಪ್ಪಿ ಹಾಕಿಕೊಂಡವರು ಕಣ್ಣು ಮಿಟುಕಿಸಿದರೂ ದವಡೆ ಬಿಗಿದರೂ ದಾಖಲೆ ಕೆಡುತ್ತದೆ.

ಈ ಎಲ್ಲ ಅಂಕಿಗಳನ್ನು ಭಾವಕ್ಕೆ ಹೊಂದಿಸಲು ಸಂಶೋಧಕರು ಬಳಸುವ ನಕ್ಷೆ ಸರಳ. ಮನೋವಿಜ್ಞಾನಿ ಜೇಮ್ಸ್ ರಸೆಲ್ 1980ರಲ್ಲಿ ಮುಂದಿಟ್ಟ ಮಾದರಿಯಲ್ಲಿ ಎರಡು ಅಕ್ಷಗಳಿವೆ: ಹಿತ–ಅಹಿತ ಒಂದು, ಉದ್ರೇಕ–ಶಾಂತಿ ಇನ್ನೊಂದು. ಸಿಟ್ಟು ಮತ್ತು ಭಯ ಎರಡೂ ಅಹಿತದ ಕಡೆ, ಎರಡೂ ಹೆಚ್ಚು ಉದ್ರೇಕದವು. ನಕ್ಷೆಯಲ್ಲಿ ಅವು ಅಕ್ಕಪಕ್ಕದ ಮನೆ. ಬದುಕಿನಲ್ಲಿ ಒಂದು ಎದುರಿಗೆ ನುಗ್ಗುತ್ತದೆ, ಇನ್ನೊಂದು ಓಡುತ್ತದೆ. ಬೆವರು ಉದ್ರೇಕದ ಅಕ್ಷವನ್ನು ಒಪ್ಪುವ ಮಟ್ಟಿಗೆ ತೋರಿಸುತ್ತದೆ. ಹಿತವೋ ಅಹಿತವೋ ಎಂಬುದನ್ನು ಅದು ಹೇಳಲಾರದು.

ಈ ಮಿತಿ ಹೊಸ ತಿಳಿವಲ್ಲ. ಭರತನ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಎಂಟು ಸಾತ್ತ್ವಿಕ ಭಾವಗಳ ಪಟ್ಟಿ ಇದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ಮೈ ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖದ ಬಣ್ಣ ಬದಲಾಗುವುದು, ಕಣ್ಣೀರು, ಪ್ರಜ್ಞೆ ತಪ್ಪುವುದು. ಇಂದಿನ ಪ್ರಯೋಗಾಲಯದಲ್ಲಿ ಸೆನ್ಸರ್ ಕಟ್ಟಿ ಅಳೆಯುವ ಸಂಗತಿಗಳಲ್ಲಿ ಕೆಲವು ಇಲ್ಲಿವೆ. ಇದನ್ನು ತೋರಿಸಿ ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಹೆಮ್ಮೆಪಡುವುದು ನನ್ನ ಉದ್ದೇಶವಲ್ಲ. ಆ ಪಟ್ಟಿ ಹೇಳುವುದು ನಟನ ಮೈಯಲ್ಲಿ ಕಾಣಬೇಕಾದ ಗುರುತುಗಳನ್ನು. ನೋಡುಗನ ರಸಾನುಭವದ ಮಾತು ಬೇರೆಯೇ ಇದೆ. ನನಗೆ ಮುಖ್ಯವೆನಿಸುವುದು ಪಟ್ಟಿಯ ನಂತರ ಬರುವ ಕಾರಣಗಳು. ಬೆವರು ಯಾತಕ್ಕೆ ಬರುತ್ತದೆ ಎಂದು ಕೇಳಿದರೆ ಕೋಪ, ಭಯ, ಹರ್ಷ, ಲಜ್ಜೆ, ದುಃಖ, ಶ್ರಮ, ರೋಗ, ತಾಪ, ವ್ಯಾಯಾಮ ಎಂದು ಸಾಲು ಬೆಳೆಯುತ್ತದೆ. ಕಣ್ಣೀರಿಗೆ ಆನಂದ, ಶೋಕ, ಭಯಗಳ ಜೊತೆಗೆ ಹೊಗೆಯೂ ಕಾರಣ, ಆಕಳಿಕೆಯೂ ಕಾರಣ, ರೆಪ್ಪೆ ಬಡಿಯದೆ ನೋಡುತ್ತ ಕೂರುವುದೂ ಕಾರಣ. ಗುರುತು ಒಂದು, ಕಾರಣ ಹತ್ತು. ಸಂದರ್ಭ ಗೊತ್ತಿದ್ದರೆ ಮಾತ್ರ ಗುರುತಿಗೆ ಅರ್ಥ.

ಆಧುನಿಕ ಸಂಶೋಧನೆ ಬಂದು ನಿಂತಿರುವುದೂ ಇಲ್ಲೇ. ಪ್ರತಿ ಭಾವಕ್ಕೂ ದೇಹದಲ್ಲಿ ಒಂದು ಬೆರಳಚ್ಚು ಇರಬೇಕು ಎಂಬ ನಿರೀಕ್ಷೆ ನೂರು ವರ್ಷಕ್ಕಿಂತ ಹಳೆಯದು. ಮೈಯ ಬದಲಾವಣೆಯ ಅರಿವೇ ಭಾವ ಎಂದು ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲೇ ವಾದಿಸಿದ್ದರು. 2018ರಲ್ಲಿ ಎರಿಕಾ ಸೀಗಲ್, ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 202 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಸಿಟ್ಟಿಗೆ ಇಂಥದ್ದು, ದುಃಖಕ್ಕೆ ಇಂಥದ್ದು ಎಂದು ಬೇರ್ಪಡಿಸಬಲ್ಲ ಸ್ಥಿರವಾದ ಗುರುತು ಅವರಿಗೆ ಸಿಗಲಿಲ್ಲ. ಒಂದೇ ಭಾವದೊಳಗೆ ಒಬ್ಬರಿಂದ ಒಬ್ಬರಿಗೆ, ಒಂದು ಸಂದರ್ಭದಿಂದ ಇನ್ನೊಂದಕ್ಕೆ ವ್ಯತ್ಯಾಸ ಬಹಳ. ಎಲ್ಲ ಸಂಶೋಧಕರೂ ಇದನ್ನು ಕೊನೆಯ ಮಾತು ಎಂದು ಒಪ್ಪಿಲ್ಲ. ಹಾಗಿದ್ದರೂ ಇದನ್ನು ಎದುರಿಸದೆ ‘ಏಳು ಭಾವ ಗುರುತಿಸುತ್ತೇವೆ’ ಎಂದು ಮಾರಾಟಕ್ಕಿಳಿಯುವುದು ಪ್ರಾಮಾಣಿಕತೆಯಲ್ಲ.

ಈಗ ನಮ್ಮ ಬಯಲಾಟದ ಪ್ರೇಕ್ಷಕರಿಗೆ ಸೆನ್ಸರ್ ಕಟ್ಟಿದ್ದೇವೆ ಎಂದುಕೊಳ್ಳಿ. ನಡುರಾತ್ರಿ ಕಳೆದಿದೆ. ಬಣ್ಣದ ವೇಷದ ಪ್ರವೇಶ: ಚೆಂಡೆಯ ಅಬ್ಬರ, ದೊಂದಿಯ ಬೆಂಕಿಗೆ ಎರಚಿದ ರಾಳ ಭಗ್ಗನೆ ಉರಿಯುತ್ತದೆ, ಆರ್ಭಟ ಕೇಳುತ್ತದೆ. ತೂಕಡಿಸುತ್ತಿದ್ದವರು ಸೇರಿ ಎಲ್ಲರ ಬೆರಳೂ ಬೆವರುತ್ತದೆ, ಗೆರೆ ನೆಟ್ಟಗೆ ಏರುತ್ತದೆ. ಹಠಾತ್ತನೆ ಬಂದ ದೊಡ್ಡ ಸದ್ದಿಗೆ ಮೈ ಬೆಚ್ಚುವುದು ಕಲೆಯ ಹಂಗಿಲ್ಲದ ಪ್ರತಿಕ್ರಿಯೆ. ಪಟಾಕಿಗೂ ಅದೇ ಆಗುತ್ತದೆ. ಮುಂದೆ ಬೆಳಗಿನ ಜಾವ. ಚಕ್ರವ್ಯೂಹದೊಳಗೆ ಅಭಿಮನ್ಯು ಒಬ್ಬನೇ ಉಳಿದಿದ್ದಾನೆ. ಭಾಗವತರು ನಿಧಾನದ ಪದ್ಯ ಎತ್ತಿಕೊಳ್ಳುತ್ತಾರೆ, ಚೆಂಡೆ ಸುಮ್ಮನಾಗಿ ಮದ್ದಳೆ ಮಾತ್ರ ಉಳಿಯುತ್ತದೆ. ಸಭೆ ಅಲ್ಲಾಡದೆ ಕೂತಿದೆ. ಇಲ್ಲಿ ಗೆರೆ ಏನು ತೋರಿಸೀತು? ಉಸಿರು ನಿಧಾನ, ಎದೆಬಡಿತ ಇಳಿದಿದೆ, ಬೆವರಿನಲ್ಲಿ ಅಲೆಗಳು ವಿರಳ. ಅಂಕಿಯನ್ನಷ್ಟೇ ನೋಡುವವರಿಗೆ ಇದು ಚಪ್ಪಟೆ ಭಾಗ. ಬೇಸರ ಬಂದ ಪ್ರೇಕ್ಷಕನ ದಾಖಲೆಯೂ ಸುಮಾರಾಗಿ ಹೀಗೇ ಇರುತ್ತದೆ. ಕರುಣ ರಸದಲ್ಲಿ ಮುಳುಗಿದ ಸಭೆಯನ್ನೂ ನಿದ್ದೆಗೆ ಜಾರಿದ ಸಭೆಯನ್ನೂ ಒಂದೇ ಬುಟ್ಟಿಗೆ ಹಾಕುವ ಅಳತೆಯಿದು.

ಇದರ ಪರಿಣಾಮ ಸಣ್ಣದಲ್ಲ. ಉದ್ರೇಕದ ಶಿಖರಗಳನ್ನೇ ಯಶಸ್ಸು ಎಂದು ಎಣಿಸಿದರೆ ಸಂಪಾದಕ ಶಿಖರಗಳನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತಾನೆ. ಮೊಬೈಲಿನಲ್ಲಿ ಓಡಾಡುವ ಯಕ್ಷಗಾನದ ತುಣುಕುಗಳನ್ನು ನೋಡಿ: ಗಿರಕಿ, ಧೀಂಗಿಣ, ಹಾಸ್ಯಗಾರರ ಒಂದು ಚಟಾಕಿ. ಹತ್ತು ನಿಮಿಷದ ಅರ್ಥಗಾರಿಕೆ ಕಟ್ಟುವ ವಾದವನ್ನು, ಒಂದು ಪದ್ಯದ ಎಳೆತವನ್ನು ಯಾರೂ ತುಣುಕು ಮಾಡುವುದಿಲ್ಲ. ಇದು ಈಗಾಗಲೇ, ಯಾವ ಸೆನ್ಸರ್ ಇಲ್ಲದೆಯೇ, ಆಗುತ್ತಿರುವುದು. ಬೆವರಿನ ಅಂಕಿ ಸೇರಿಕೊಂಡರೆ ಈ ಒಲವಿಗೆ ವಿಜ್ಞಾನದ ಮೊಹರು ಬೀಳುತ್ತದೆ. ಆ ಮೊಹರಿನ ಬಗ್ಗೆಯೇ ನನಗೆ ಹೆಚ್ಚು ಆತಂಕ.

ಇನ್ನೊಂದು ಮಾತು. ಒಂದೇ ಪ್ರಚೋದನೆ ಮತ್ತೆ ಮತ್ತೆ ಬಂದರೆ ಚರ್ಮದ ಪ್ರತಿಕ್ರಿಯೆ ಕುಗ್ಗುತ್ತ ಹೋಗುತ್ತದೆ. ಹತ್ತಾರು ವರ್ಷ ಒಂದೇ ಪ್ರಸಂಗವನ್ನು ಬೇರೆ ಬೇರೆ ಮೇಳಗಳಲ್ಲಿ ನೋಡಿದ ಹಿರಿಯರು ಮುಂದಿನ ಪದ್ಯ ಗೊತ್ತಿದ್ದೂ ಕಾಯುತ್ತ ಕೂರುತ್ತಾರೆ. ಅವರ ಸುಖ ಇರುವುದು ಅಚ್ಚರಿಯಲ್ಲಲ್ಲ. ಜೊತೆಗೆ, ಆ ವಯಸ್ಸಿನವರಲ್ಲಿ ಅನೇಕರು ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಅದು ಎದೆಬಡಿತ ಏರದಂತೆ ತಡೆಯುತ್ತದೆ. ಹಳೆಯ ಸಕ್ಕರೆಕಾಯಿಲೆ ಬೆವರಿನ ನರಗಳನ್ನೇ ದುರ್ಬಲ ಮಾಡಬಹುದು. ಯಂತ್ರದ ಲೆಕ್ಕದಲ್ಲಿ ಇವರೆಲ್ಲ ಭಾವವಿಲ್ಲದ ಪ್ರೇಕ್ಷಕರಾಗುತ್ತಾರೆ. ಅವರು ನಮ್ಮ ಅತ್ಯುತ್ತಮ ಪ್ರೇಕ್ಷಕರು.

ಹವೆಯನ್ನೂ ಮರೆಯುವಂತಿಲ್ಲ. ಬೆವರಿನ ಅಳತೆಗೆ ಪ್ರಯೋಗಾಲಯಗಳು ಕೋಣೆಯನ್ನು ಸುಮಾರು 23 ಡಿಗ್ರಿಯಲ್ಲಿ, ತೇವಾಂಶ ಏರಿಳಿಯದಂತೆ ಇಡಲು ನೋಡುತ್ತವೆ. ಏಪ್ರಿಲ್–ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಫ್ಯಾನ್ ಕೆಳಗೆ ಕೂತವರ ಮಣಿಕಟ್ಟು ಯಾವ ದೃಶ್ಯವೂ ಇಲ್ಲದೆ ಬೆವರುತ್ತಿರುತ್ತದೆ. ಅಂಗೈಗೆ ಹೋಲಿಸಿದರೆ ಮಣಿಕಟ್ಟಿನಲ್ಲಿ ಭಾವಕ್ಕೆ ಸ್ಪಂದಿಸುವ ಗ್ರಂಥಿಗಳು ಕಡಿಮೆ, ಅಲ್ಲಿನ ಬೆವರಿನಲ್ಲಿ ಸೆಕೆಯ ಪಾಲು ಹೆಚ್ಚು. ಮಣಿಕಟ್ಟಿಗೆ ಕಟ್ಟುವ ಕೈಪಟ್ಟಿಯ ಅಂಕಿಯನ್ನು ಇಲ್ಲಿ ಬಳಸುವವರು ಕೋಣೆಯ ತಾಪ, ತೇವಾಂಶಗಳನ್ನು ಪಕ್ಕದಲ್ಲೇ ಬರೆದಿಡದಿದ್ದರೆ ಅಳೆದದ್ದು ಹವಾಮಾನ.

ಹಾಗಾದರೆ ಕಂಪ್ಯೂಟರ್ ಇದನ್ನೆಲ್ಲ ಕಲಿತು ಬಿಡಿಸಲಾರದೇ? ಕಲಿಯಲು ಮಾದರಿಗಳು ಬೇಕು. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಾಗುವ ದತ್ತಾಂಶಗಳಲ್ಲಿ ಒಂದರ ಹೆಸರು ಡೀಪ್. 2012ರಲ್ಲಿ ಪ್ರಕಟವಾದದ್ದು. ಯುರೋಪಿನಲ್ಲಿ 32 ಜನ, ತಲಾ ಒಂದು ನಿಮಿಷದ 40 ಸಂಗೀತ ವಿಡಿಯೊಗಳನ್ನು ನೋಡಿ, ಪ್ರತಿಯೊಂದಕ್ಕೂ ತಮಗೆಷ್ಟು ಹಿತವೆನಿಸಿತು, ಎಷ್ಟು ಉದ್ರೇಕವಾಯಿತು ಎಂದು ಅಂಕ ಕೊಟ್ಟರು. ಅವರ ವಯಸ್ಸು 19ರಿಂದ 37. ಜೊತೆಗೆ ಇಇಜಿ, ಬೆವರು, ನಾಡಿ, ಉಸಿರು ಎಲ್ಲ ದಾಖಲಾಯಿತು. ಶ್ರಮದಿಂದ ಮಾಡಿ, ಜಗತ್ತಿನ ಸಂಶೋಧಕರಿಗೆಲ್ಲ ತೆರೆದಿಟ್ಟ ಒಳ್ಳೆಯ ಕೆಲಸ ಅದು. ಅದನ್ನು ಮಾಡಿದವರೇ ಕಂಪ್ಯೂಟರಿಗೆ ಕೊಟ್ಟ ಪ್ರಶ್ನೆ, ಹಿತ ಅಥವಾ ಉದ್ರೇಕ ಹೆಚ್ಚೋ ಕಡಿಮೆಯೋ ಎಂಬಷ್ಟೇ. ನಾಣ್ಯ ಚಿಮ್ಮಿದರೂ ಶೇ. 50 ಸರಿ ಬರುವ ಇಂಥ ಪ್ರಶ್ನೆಯಲ್ಲಿ ಅವರಿಗೆ ಸಿಕ್ಕ ನಿಖರತೆ ಶೇ. 60ರ ಆಸುಪಾಸು. ಅವರು ಅದನ್ನು ಮುಚ್ಚಿಡಲಿಲ್ಲ.

ಆಮೇಲೆ ಬಂದ ಅನೇಕ ಪ್ರಬಂಧಗಳಲ್ಲಿ ಶೇ. 90ಕ್ಕೂ ಮೀರಿದ ಅಂಕಿ ಕಾಣುತ್ತದೆ. ಓದುವಾಗ ಒಂದನ್ನು ಗಮನಿಸಬೇಕು: ಪರೀಕ್ಷೆಗೆ ಇಟ್ಟ ಜನ ಕಲಿಕೆಗೆ ಕೊಟ್ಟವರಿಗಿಂತ ಬೇರೆಯವರೇ? ಎಷ್ಟೋ ಕಡೆ ಒಬ್ಬರದೇ ಒಂದು ನಿಮಿಷದ ದಾಖಲೆಯನ್ನು ಕೆಲವು ಸೆಕೆಂಡಿನ ಚೂರುಗಳಾಗಿ ಮಾಡಿ, ಕೆಲವನ್ನು ಕಲಿಕೆಗೂ ಉಳಿದವನ್ನು ಪರೀಕ್ಷೆಗೂ ಹಂಚಿರುತ್ತಾರೆ. ಆಗ ಯಂತ್ರ ಗುರುತಿಸುವುದು ಆ ವ್ಯಕ್ತಿಯ ಆ ನಿಮಿಷದ ಚಹರೆಯನ್ನು, ಭಾವವನ್ನಲ್ಲ. ಹಿಂದೆಂದೂ ಕಾಣದ ಮನುಷ್ಯನನ್ನು ಎದುರಿಗೆ ಕೂರಿಸಿದ ಕೂಡಲೇ ಅಂಕಿ ದಬಕ್ಕನೆ ಕೆಳಗೆ ಬೀಳುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ಇಂಥ ಪ್ರಾಜೆಕ್ಟ್ ಹಿಡಿಯುವ ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇಷ್ಟು: ಒಬ್ಬ ವ್ಯಕ್ತಿಯನ್ನು ಪೂರ್ತಿ ಹೊರಗಿಟ್ಟು ಪರೀಕ್ಷಿಸಿ. ಶೇ. 62 ಬಂದರೆ 62 ಎಂದೇ ಬರೆಯಿರಿ. ಆ ಅಂಕಿಯಿಂದ ಮುಂದಿನವರಿಗೆ ಪ್ರಯೋಜನವಿದೆ.

ಮಾದರಿಗಳ ಕೊರತೆ ಸಂಖ್ಯೆಯದಷ್ಟೇ ಅಲ್ಲ. ಈ ದತ್ತಾಂಶಗಳಲ್ಲಿ ಹೆಚ್ಚಿನವು ಕೋಣೆಯಲ್ಲಿ ಒಬ್ಬರೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಹೊರಗಿನ ಸಂಸ್ಕೃತಿಯ ತುಣುಕು ನೋಡಿದವರದು. ನಾವು ನೋಡುವ ರೀತಿ ಬೇರೆ. ಮನೆಯಲ್ಲಿ ಅಜ್ಜಿಯ ಪಕ್ಕ ಕೂತು ಧಾರಾವಾಹಿ, ಚಿತ್ರಮಂದಿರದಲ್ಲಿ ಸಿಳ್ಳೆಯ ನಡುವೆ ತುಳು ಸಿನಿಮಾ, ಹರಕೆ ಆಟದಲ್ಲಿ ಇಡೀ ಊರು. ಗುಂಪಿನಲ್ಲಿ ನೋಡುವಾಗ ಮೈ ಹೇಗೆ ನಡೆದುಕೊಳ್ಳುತ್ತದೆ ಎಂಬ ಬಗ್ಗೆ ನನಗೆ ತುಂಬ ಇಷ್ಟವಾದ ಎರಡು ಅಧ್ಯಯನಗಳಿವೆ.

ಒಂದು ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯದು, 2011ರಲ್ಲಿ ಪ್ರಕಟವಾಯಿತು. ಅಲ್ಲಿ ವರ್ಷಕ್ಕೊಮ್ಮೆ ಕೆಂಡ ಹಾಯುವ ಆಚರಣೆ ಇದೆ. ಕೆಂಡ ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ಸಂಶೋಧಕರು ಒಟ್ಟಿಗೆ ದಾಖಲಿಸಿದರು. ಹಾಯುವವನ ಬಂಧುಮಿತ್ರರು ದೂರದಲ್ಲಿ ಸುಮ್ಮನೆ ಕೂತಿದ್ದರೂ ಅವರ ಎದೆಬಡಿತದ ಏರಿಳಿತ ಅವನ ಏರಿಳಿತಕ್ಕೆ ಹೊಂದಿಕೊಂಡಿತು. ಸಂಬಂಧವಿಲ್ಲದ ಪ್ರೇಕ್ಷಕರಲ್ಲಿ ಹಾಗಾಗಲಿಲ್ಲ. ಕಣ್ಣೆದುರಿನ ದೃಶ್ಯ ಒಂದೇ, ಬೆಂಕಿ ಒಂದೇ. ಬದಲಾದದ್ದು ಸಂಬಂಧ. ಸುಳ್ಯ–ಪುತ್ತೂರು ಕಡೆಯ ಒತ್ತೆಕೋಲದಲ್ಲಿ, ಉಡುಪಿ ಕಡೆಯ ಕೆಂಡಸೇವೆಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯ ದೈವ ಎಂದು ಕೈಮುಗಿದು ನಿಂತವನೂ ಕ್ಯಾಮೆರಾ ಹಿಡಿದು ಬಂದ ಪ್ರವಾಸಿಯೂ ನೋಡುವುದು ಒಂದನ್ನೇ. ವಿಡಿಯೊ ಒಂದಕ್ಕೆ ಇಂತಿಷ್ಟು ಭಾವಾಂಕ ಎಂದು ಕೊಡುವ ಪದ್ಧತಿಯಲ್ಲಿ ಈ ಸಂಬಂಧಕ್ಕೆ ಜಾಗವೇ ಇಲ್ಲ.

ಇನ್ನೊಂದು ಜರ್ಮನಿಯ ಮೈಂಜ್ ನಗರದ ಚಿತ್ರಮಂದಿರದ್ದು, 2016ರದು. ಯಾರ ಮೈಗೂ ಏನನ್ನೂ ಕಟ್ಟದೆ, ಸಭಾಂಗಣದಿಂದ ಹೊರಹೋಗುವ ಗಾಳಿಯ ರಾಸಾಯನಿಕಗಳನ್ನು 16 ಸಿನಿಮಾಗಳ ಪ್ರದರ್ಶನಗಳಲ್ಲಿ ಅಳೆದರು. ಉಸಿರಿನಲ್ಲಿ ಬರುವ ಐಸೊಪ್ರೀನ್ ಎಂಬ ಅನಿಲ ಆತಂಕದ ದೃಶ್ಯಗಳಲ್ಲಿ ಏರುತ್ತಿತ್ತು. ಅದೇ ಸಿನಿಮಾವನ್ನು ಬೇರೆ ಪ್ರೇಕ್ಷಕರಿಗೆ ತೋರಿಸಿದಾಗಲೂ ಅದೇ ದೃಶ್ಯಗಳಲ್ಲಿ ಏರಿತು. ಯಾರು ಹೆದರಿದರು ಎಂದು ಇಲ್ಲಿ ಗೊತ್ತಾಗುವುದಿಲ್ಲ, ಸಭೆ ಒಟ್ಟಾಗಿ ಬಿಗಿಯಾಯಿತು ಎಂದಷ್ಟೇ ಗೊತ್ತಾಗುತ್ತದೆ. ವ್ಯಕ್ತಿಯ ಒಳಗನ್ನು ಕೆದಕದೆ ಕೃತಿಯ ಶಕ್ತಿಯನ್ನು ಅಳೆಯುವ ದಾರಿ ಎಂಬ ಕಾರಣಕ್ಕೆ ಇದು ನನಗೆ ಮಾದರಿಯಾಗಿ ಕಾಣುತ್ತದೆ.

ಮೈಗೆ ಏನನ್ನೂ ಕಟ್ಟದ ಅಳತೆ ಇನ್ನೊಂದು ಬಗೆಯದೂ ಇದೆ, ಅದರಲ್ಲಿ ಎಚ್ಚರ ಬೇಕು. ರಕ್ತ ಹರಿದಾಗ ಮುಖದ ಬಣ್ಣ ಕಣ್ಣಿಗೆ ಕಾಣದಷ್ಟು ಬದಲಾಗುತ್ತದೆ. ಸಾಧಾರಣ ಕ್ಯಾಮೆರಾ ಅದನ್ನು ಹಿಡಿದು ನಾಡಿ ಎಣಿಸಬಲ್ಲದು ಎಂದು 2008ರಲ್ಲೇ ತೋರಿಸಲಾಗಿದೆ. ಫೋನಿನ ಮುಂದಿನ ಕ್ಯಾಮೆರಾ ತೆರೆದಿದ್ದರೆ ನಾಡಿ ತಿಳಿಯಲು ಕೈಪಟ್ಟಿ ಬೇಡ. ಕಪ್ಪು ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಬೆಳಕನ್ನು ಹೆಚ್ಚು ಹೀರುವುದರಿಂದ ಈ ಸಂಕೇತ ಕ್ಷೀಣವಾಗುತ್ತದೆ, ತಪ್ಪು ಹೆಚ್ಚುತ್ತದೆ. ಬಿಳಿಯರ ಮುಖದಲ್ಲಿ ಪರೀಕ್ಷೆಯಾದ ಸಾಫ್ಟ್‌ವೇರ್ ಬಿಸಿಲಲ್ಲಿ ದುಡಿಯುವ ನಮ್ಮ ಮೀನುಗಾರರ ಮುಖ ಓದಲು ಹೊರಟರೆ ಏನಾದೀತು ಎಂದು ಯೋಚಿಸಬೇಕು. ಮುಖಚಹರೆಯಿಂದ ಭಾವ ಊಹಿಸುವ ಸೌಲಭ್ಯವನ್ನು ಮೈಕ್ರೊಸಾಫ್ಟ್ 2022ರಲ್ಲಿ ತನ್ನ ಸೇವೆಯಿಂದ ಹಿಂತೆಗೆದುಕೊಂಡಿತು. ಭಾವ ಎಂದರೆ ಏನೆಂಬುದರಲ್ಲೇ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು.

ಕಾನೂನಿನ ಕಡೆ ನೋಡಿದರೆ, ಮೈಯ ಸಂಕೇತದ ಬಗ್ಗೆ ದೇಶದ ದೊಡ್ಡ ತೀರ್ಪುಗಳಲ್ಲಿ ಒಂದು ನಮ್ಮ ರಾಜ್ಯದ ಹೆಸರಿನಲ್ಲೇ ಇದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಸುಳ್ಳುಪತ್ತೆ, ಮಂಪರು ಪರೀಕ್ಷೆ, ಮಿದುಳಿನ ನಕ್ಷೆ ಮಾಡುವಂತಿಲ್ಲ ಎಂದಿತು. ಬೆವರು, ಉಸಿರು, ರಕ್ತದೊತ್ತಡಗಳ ಮೂಲಕ ಮನಸ್ಸಿನೊಳಗಿನದನ್ನು ಒತ್ತಾಯದಿಂದ ಹೊರತೆಗೆಯುವುದು ಆರೋಪಿಯ ವಿಷಯದಲ್ಲೂ ಸಲ್ಲದು ಎಂದಾದರೆ, ಜಾಹೀರಾತು ನೋಡುವ ಸಾಮಾನ್ಯನಿಗೆ ಅದಕ್ಕಿಂತ ಕಡಿಮೆ ರಕ್ಷಣೆ ಇರುವುದು ಸರಿಯೇ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ, ಅವರೂ ಕರ್ನಾಟಕದವರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸ್ಪಷ್ಟವಾದ, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಒಪ್ಪಿಗೆಯನ್ನು ಕೇಳುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಬಾಧ್ಯತೆಗಳು ಹಂತಹಂತವಾಗಿ ಜಾರಿಯಾಗುತ್ತವೆ. 18 ತುಂಬದವರ ವರ್ತನೆಯನ್ನು ಹಿಂಬಾಲಿಸುವುದಕ್ಕೆ, ಅವರನ್ನು ಗುರಿಯಾಗಿಸಿ ಜಾಹೀರಾತು ಕಳಿಸುವುದಕ್ಕೆ ಕಾಯ್ದೆ ಅಡ್ಡಿ ಹಾಕಿದೆ. ಪಿಯುಸಿ ಮಕ್ಕಳು ಇಡೀ ದಿನ ವಿಡಿಯೊ ನೋಡುವ ಕಾಲದಲ್ಲಿ ಇದು ಮುಖ್ಯ. ಆದರೆ ಎದೆಬಡಿತ, ಬೆವರಿನಂಥ ಸೂಕ್ಷ್ಮ ಮಾಹಿತಿಗೆಂದು ಪ್ರತ್ಯೇಕ ವರ್ಗ ಈ ಕಾಯ್ದೆಯಲ್ಲಿಲ್ಲ. ಯುರೋಪಿನ ಕೃತಕ ಬುದ್ಧಿಮತ್ತೆಯ ಕಾನೂನು ಇನ್ನೂ ಮುಂದೆ ಹೋಗಿದೆ. ಕೆಲಸದ ಜಾಗ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ದೇಹದ ದತ್ತಾಂಶದಿಂದ ಭಾವ ಊಹಿಸುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, 2025ರ ಫೆಬ್ರವರಿಯಿಂದ ಅಲ್ಲಿ ನಿಷೇಧಿಸಲಾಗಿದೆ. ಕಾಲೇಜುಗಳೇ ಬದುಕಾಗಿರುವ ಮಣಿಪಾಲ, ದೇರಳಕಟ್ಟೆಯಂಥ ಊರುಗಳಿರುವ ಕರಾವಳಿಗೆ ಇಂಥ ಸ್ಪಷ್ಟ ಗೆರೆ ಬೇಕು. ಪಾಠದ ವಿಡಿಯೊ ನೋಡುವಾಗ ವಿದ್ಯಾರ್ಥಿಯ ಗಮನಕ್ಕೆ ಅಂಕ ಕೊಡುವ ಯಂತ್ರ ತರಗತಿಗೆ ಬರಬಾರದು ಎಂದೇ ನಾನು ಹೇಳುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ ಈ ವಿದ್ಯೆಯನ್ನು ಬದಿಗಿಡಿ ಎನ್ನಲು ನನಗೆ ಮನಸ್ಸಿಲ್ಲ. ಭಾವವನ್ನು ಗಣಕಕ್ಕೆ ಕಲಿಸುವ ಕ್ಷೇತ್ರಕ್ಕೆ 1990ರ ದಶಕದಲ್ಲಿ ಬುನಾದಿ ಹಾಕಿದ, ಅಮೆರಿಕದ ಎಂಐಟಿಯ ರೊಸಾಲಿಂಡ್ ಪಿಕಾರ್ಡ್ ಅವರ ಅನುಭವ ಇಲ್ಲಿ ನೆನಪಾಗುತ್ತದೆ. ಮಾತು ಬಾರದ, ಆಟಿಸಂ ಇದ್ದ ಒಬ್ಬ ಹುಡುಗನ ಎರಡೂ ಕೈಗೆ ಬೆವರಿನ ಪಟ್ಟಿ ಕಟ್ಟಿದ್ದರು. ಒಂದು ಕೈಯ ಗೆರೆ ಹಿಂದೆಂದೂ ಕಾಣದಷ್ಟು ಏರಿತ್ತು, ಇನ್ನೊಂದು ಚಪ್ಪಟೆ. ಸೆನ್ಸರ್ ಕೆಟ್ಟಿರಬೇಕು ಎಂದುಕೊಂಡರು. ಕೊನೆಗೆ ಮನೆಯವರನ್ನು ಕೇಳಿದಾಗ ಗೊತ್ತಾಯಿತು, ಆ ಹೊತ್ತಿನ ಆಸುಪಾಸಿನಲ್ಲೇ ಹುಡುಗನಿಗೆ ಅಪಸ್ಮಾರ ಬಂದಿತ್ತು. ಆ ಎಳೆಯನ್ನು ಹಿಡಿದು ಬೆಳೆದ ಕೈಪಟ್ಟಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಅನುಮತಿ ಕೊಟ್ಟಿತು. ಮನೆಯವರ ಮಾತು ಸೇರದಿದ್ದರೆ ಆ ಶಿಖರ ‘ತೀವ್ರ ಒತ್ತಡ’ ಎಂಬ ಹಣೆಪಟ್ಟಿಯೊಂದಿಗೆ ಕಡತ ಸೇರುತ್ತಿತ್ತು.

ನಮ್ಮಲ್ಲಿ ಈ ಕೆಲಸ ನಡೆಯಬೇಕಾದ ರೀತಿ ನನಗೆ ಕಾಣುವುದು ಹೀಗೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತಾಡುವ ಬೇರೆ ಬೇರೆ ವಯಸ್ಸಿನವರನ್ನು ಸೇರಿಸಿ. ಒಬ್ಬರೇ ಕೂತು ನೋಡುವುದೊಂದು, ಮನೆಮಂದಿಯ ಜೊತೆ ನೋಡುವುದೊಂದು, ಎರಡನ್ನೂ ದಾಖಲಿಸಿ. ಆಟದ ತುಣುಕು ತೋರಿಸುವುದಾದರೆ ಗಿರಕಿಯ ಜೊತೆಗೆ ಪೂರ್ತಿ ಒಂದು ನಿಧಾನದ ಪದ್ಯವೂ ಇರಲಿ, ಸದ್ದಿನ ಮಟ್ಟವನ್ನೂ ಪರದೆಯ ಬೆಳಕನ್ನೂ ಅಳೆದು ಅವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆಯಿರಿ. ತೆಗೆದುಕೊಳ್ಳುವ ಮಾತ್ರೆ, ಕೋಣೆಯ ತೇವಾಂಶ, ಆ ಪ್ರಸಂಗ ಮೊದಲು ನೋಡಿದ್ದುಂಟೇ ಎಂಬುದೆಲ್ಲ ಪಕ್ಕದ ಕಾಲಂಗಳಲ್ಲಿ ಬರಲಿ. ಮುಗಿದ ಮೇಲೆ ಗೆರೆ ಎದ್ದ ಜಾಗ, ಬಿದ್ದ ಜಾಗ ಎರಡನ್ನೂ ಮತ್ತೆ ತೋರಿಸಿ, ‘ಇಲ್ಲಿ ನಿಮಗೆ ಏನಾಯಿತು?’ ಎಂದು ಅವರ ಮನೆಮಾತಿನಲ್ಲೇ ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ದಾಖಲೆ ಎಷ್ಟು ಕಾಲ ಇರುತ್ತದೆ, ಯಾರ ಕೈಗೆ ಹೋಗುತ್ತದೆ, ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಓದಿ ಹೇಳಬೇಕು. ಕಾಲೇಜಿನ ನೈತಿಕ ಸಮಿತಿಯ ಮುಂದೆ ಹೋಗದೆ ಪ್ರಾಜೆಕ್ಟ್ ಶುರುವಾಗಬಾರದು. ಗೆರೆಯೂ ನೋಡುಗರ ಮಾತೂ ತಾಳೆಯಾಗದ ಕಡೆ ಮಾತನ್ನು ತಪ್ಪು ಎಂದು ಅಳಿಸಬೇಡಿ. ಆ ಜಾಗಗಳನ್ನೇ ಬೇರೆಯಾಗಿ ಪಟ್ಟಿ ಮಾಡಿ ಪ್ರಕಟಿಸಿ.